ಇವರ ಮಾತು, ನನ್ನ ಬಾಯಿ

೮ ಸೆಪ್ಟೆಂಬರ್ ೨೦೨೪, ಭಾನುವಾರ

ಕಾಯಿಲೆಗೆ ಇವತ್ತು ಹೆಸರು ಸಿಕ್ಕಿತು. ಮೋಟಾರ್ ನ್ಯೂರಾನ್ ಡಿಸೀಸ್. ಮಿದುಳಿನಿಂದ ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಸಾಯುತ್ತಾ ಹೋಗುತ್ತವಂತೆ. ಇವರಿಗೆ ನಾಲಿಗೆ, ಗಂಟಲಿನಿಂದ ಶುರುವಾಗಿದೆ. ಆಮೇಲೆ ಕೈ, ಕಾಲು, ಉಸಿರು. ವಾಸಿ ಮಾಡುವ ಔಷಧ ಇಲ್ಲ, ಸ್ವಲ್ಪ ನಿಧಾನ ಮಾಡುವ ಮಾತ್ರೆ ಉಂಟು. ನಾನು ಅಂದುಕೊಂಡಿದ್ದು ಹಲ್ಲಿನ ಸೆಟ್ಟು ಸರಿಯಾಗಿಲ್ಲ, ಅದಕ್ಕೆ ಮಾತು ತೊದಲುತ್ತದೆ ಎಂದು. ಹಲ್ಲಿನ ಡಾಕ್ಟರನ್ನು ಎಷ್ಟು ಬೈದಿದ್ದೆ, ಪಾಪ.

ಡಾಕ್ಟರಮ್ಮನ ಹೆಸರು ಹಸೀಬಾ. ಬಲೂಚಿ ಕಡೆಯ ಒಮಾನಿ. ಹಿಂದಿ ನನಗಿಂತ ಚೆನ್ನಾಗಿ ಮಾತಾಡುತ್ತಾರೆ. "ಇವರ ಬುದ್ಧಿ, ತಿಳಿವಳಿಕೆ ಎಲ್ಲ ಸರಿ ಇದೆ, ನೆನಪಿಡಿ" ಎಂದು ಮತ್ತೆ ಮತ್ತೆ ಹೇಳಿದರು. ಅದರಿಂದ ನನಗೆ ಯಾವ ಸಮಾಧಾನವೂ ಆಗಲಿಲ್ಲ.

ವಾಪಸ್ ವಾದಿ ಅದಾಯ್‌ನ ನಮ್ಮ ಫ್ಲ್ಯಾಟಿಗೆ ಬರುವಾಗ ಕಾರಿನಲ್ಲಿ ಇವರು ಆಡಿನ ಮರಿಯ ಕಥೆ ತೆಗೆದರು. ಇಲ್ಲೇ ಮಸ್ಕತ್ತಿನ ಘಾಲಾದ ಗ್ಯಾರೇಜಿನಲ್ಲಿ ಫೋರ್‌ಮನ್ ಆದ ಹೊಸತರಲ್ಲಿ ಒಬ್ಬ ಮುದುಕ ಪಿಕಪ್ ತಂದು, ಒಳಗೆ ಏನೋ ಕೂಗುತ್ತದೆ, ನೋಡು ಎಂದಿದ್ದನಂತೆ. ಇವರು ಎಂಜಿನ್ನೆಲ್ಲ ಬಿಚ್ಚಿದರು. ತೊದಲುತ್ತಾ ತೊದಲುತ್ತಾ ಇಷ್ಟು ಹೇಳುವಾಗ ವಾದಿ ಅದಾಯ್ ಬಂದೇ ಬಿಟ್ಟಿತು. ನನಗೆ ತಡೆಯಲಾಗಲಿಲ್ಲ. "ಸೀಟಿನ ಹಿಂದೆ ಆಡಿನ ಮರಿ ಇತ್ತು" ಎಂದು ನಾನೇ ಮುಗಿಸಿದೆ.

"ಉಂತು ಮಾರಾಯ್ತಿ, ಯಾನ್ ಪಣ್ಪೆ" ಅಂದರು. ತಡಿ ಮಾರಾಯ್ತಿ, ನಾನು ಹೇಳುತ್ತೇನೆ ಎಂದು. ಮದುವೆಯಾದಂದಿನಿಂದ ಕೇಳುತ್ತಿರುವ ಮಾತು ಇದು. ನಾವು ಮನೆಯಲ್ಲಿ ಆಡುವುದು ತುಳು. ಬರೆಯಲು ನನಗೆ ಬರುವುದು ಶಾಲೆಯಲ್ಲಿ ಕಲಿತ ಕನ್ನಡ. ಆದರೆ ಈ ಮಾತನ್ನು ಇವರು ಹೇಳಿದ ಹಾಗೆಯೇ ಬರೆದಿಟ್ಟಿದ್ದೇನೆ.

೪ ಅಕ್ಟೋಬರ್

ಆಸ್ಪತ್ರೆಯಲ್ಲಿ ಮಾತು ಮತ್ತು ನುಂಗುವಿಕೆ ನೋಡುವ ಹುಡುಗಿ ಅಮೀನತ್. ಉಪ್ಪಿನಂಗಡಿ ಕಡೆಯ ಬ್ಯಾರಿಗಳ ಮನೆಯವಳು. ಇವರ ಹೆಸರು ಸೇಸಪ್ಪ ಎಂದು ಓದಿದ್ದೇ ತಡ, "ಅಣ್ಣ, ನಿಮ್ಮದು ಯಾವೂರು?" ಎಂದು ತುಳುವಿನಲ್ಲೇ ಶುರು ಮಾಡಿದಳು. ಇವರ ಮುಖ ಅರಳಿತು. ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ಗಲ್ಲ ಕೆಳಗೆ ಮಾಡಿ ನುಂಗುವುದನ್ನು ಕಲಿಸಿದಳು. ಇನ್ನು ಮೇಲೆ ಬಂಗುಡೆಯ ಮುಳ್ಳು ಬಿಡಿಸಿ, ಅನ್ನದ ಜೊತೆ ನುಣ್ಣಗೆ ಕಲಸಿ ಕೊಡಬೇಕಂತೆ.

"ಅಣ್ಣನ ದನಿ ಇರುವಾಗಲೇ ಬೇಕಾದ ಮಾತುಗಳನ್ನು ರೆಕಾರ್ಡ್ ಮಾಡಿಡುವ. ಮೊಬೈಲಿನಲ್ಲಿ ಒಂದೊಂದು ಗುಂಡಿಗೆ ಒಂದೊಂದು ಮಾತು. ಆಮೇಲೆ ಒತ್ತಿದ್ರೆ ಅವರ ದನಿಯೇ ಬರ್ತದೆ" ಅಂದಳು.

ನಾನು ಅಂದೆ, "ಅದೆಲ್ಲ ಯಾಕೆ? ಇವರು ಏನು ಹೇಳಿದ್ರೂ ನನಗೆ ಗೊತ್ತಾಗ್ತದೆ. ನಾನಿಲ್ಲವಾ?"

ಇದು ಜಂಬವಲ್ಲ. ತೃಷಾ ಇವರ ಮಗಳು, ಅವಳಿಗೇ ಈಗ ಅರ್ಧ ಅರ್ಥವಾಗುವುದಿಲ್ಲ. ನನಗೆ ಪೂರ್ತಿ ಗೊತ್ತಾಗುತ್ತದೆ.

೧೮ ಅಕ್ಟೋಬರ್

ಗ್ಯಾರೇಜಿನಲ್ಲಿ ಇವರಿಗೆ ಬೀಳ್ಕೊಡುಗೆ. ಗ್ಯಾರೇಜಿನ ಧಣಿ, ಇವರ ವೀಸಾ ಕೊಟ್ಟ ಕಫೀಲ್, ಸ್ವತಃ ಬಂದಿದ್ದರು. ಇವರ ಜಾಗಕ್ಕೆ ಕಫೀಲರ ಸೋದರಳಿಯ ಬರುತ್ತಾನೆ. ನಾಲ್ಕು ಮಾತಾಡಿ ಎಂದು ಎಲ್ಲರೂ ಒತ್ತಾಯ ಮಾಡಿದರು. ಇವರು ಎದ್ದು ನಿಂತು ತುಳುವಿನಲ್ಲಿ, ಈ ಹುಡುಗನ ಕೈಗೆ ಗ್ಯಾರೇಜು ಕೊಟ್ಟರೆ ಮುಂದಿನ ರಂಜಾನಿನೊಳಗೆ ಬೀಗ ಬೀಳುತ್ತದೆ ಎಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹಿಂದಿಯಲ್ಲಿ, "ಹೊಸ ಫೋರ್‌ಮನ್ ಬಂದ ಮೇಲೆ ಗ್ಯಾರೇಜು ಇನ್ನೂ ಬೆಳೆಯಲಿ ಅಂತ ಹಾರೈಸ್ತಿದ್ದಾರೆ" ಎಂದೆ. ಚಪ್ಪಾಳೆಯೋ ಚಪ್ಪಾಳೆ. ಕಫೀಲರ ಕಣ್ಣಲ್ಲಿ ನೀರು. ಇವರು ನಕ್ಕು ನಕ್ಕು ಕೆಮ್ಮು ಹತ್ತಿತು.

ಮನೆಗೆ ಬಂದ ಮೇಲೆ ಅಂದರು, "ನೀನು ಹೇಳಿದ್ದು ಚಂದ ಇತ್ತು. ನಾನು ಹೇಳಿದ್ದು ಸತ್ಯ ಇತ್ತು."

೨ ನವೆಂಬರ್

ನಾನು ಕೆಲಸ ಮಾಡುವ ಪರದೆ ಅಂಗಡಿಗೆ ಇವತ್ತು ಸ್ಯಾವಿಯೋ ಎಂಬ ಗೋವಾದವನು ಬಂದಿದ್ದ. ಬಟ್ಟೆ ತೋರಿಸುತ್ತಾ ಇರುವಾಗ ಇವರ ಫೋನು ಬಂತು. ನಾನು ಅದೇ ಮಾತನ್ನು ಮೂರು ನಾಲ್ಕು ಸಲ ಕೇಳಿ ತಿಳಿದುಕೊಳ್ಳುವುದನ್ನು ನೋಡಿ, ಮನೆಯಲ್ಲಿ ಯಾರಿಗಾದರೂ ಸ್ಟ್ರೋಕಾ ಎಂದು ವಿಚಾರಿಸಿದ. ಹೇಳಿದೆ. ಅವನು ವಿದೇಶದ ಒಂದು ಕ್ಲಿನಿಕ್ಕಿಗೆ ಇಲ್ಲಿಂದ ರೋಗಿಗಳನ್ನು ಕಳಿಸುವವನಂತೆ. ಸ್ಟೆಮ್ ಸೆಲ್ ಚಿಕಿತ್ಸೆ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಿಂದ ಎಳೆಯ ಜೀವಕೋಶಗಳನ್ನು ಬೇರೆ ಮಾಡಿ, ಬೆನ್ನಿಗೆ ಸೂಜಿ ಚುಚ್ಚಿ ಬೆನ್ನುಹುರಿಯ ಸುತ್ತಲಿನ ನೀರಿಗೆ ಬಿಡುತ್ತಾರೆ. ಅವು ಹೋಗಿ ಸತ್ತ ನರಗಳ ಜಾಗ ತುಂಬುತ್ತವಂತೆ.

"ಭಾಭೀಜಿ, ಸೈಡ್ ಎಫೆಕ್ಟೇ ಇಲ್ಲ. ಹೊರಗಿನ ಔಷಧ ಅಲ್ಲವಲ್ಲ, ಅವರದ್ದೇ ಸೆಲ್ಲು ಅವರಿಗೇ" ಅಂದ. ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಒಬ್ಬಾತ ಗಾಲಿಕುರ್ಚಿಯಿಂದ ಎದ್ದು ಬಾಗಿಲಿನವರೆಗೆ ನಡೆಯುತ್ತಾನೆ. ನಾನು ಅಂಗಡಿಯ ಹಿಂದೆ ಹೋಗಿ ಅತ್ತೆ. ಕಾಯಿಲೆಗೆ ಹೆಸರು ಸಿಕ್ಕಿದ ದಿನವೂ ನಾನು ಅತ್ತಿರಲಿಲ್ಲ.

೧೧ ನವೆಂಬರ್

ಡಾ. ಹಸೀಬಾರನ್ನು ಕೇಳಿದೆವು. ಅವರು ಪೆನ್ನು ಕೆಳಗಿಟ್ಟು, "ಸ್ಟೆಮ್ ಸೆಲ್ ಸುಳ್ಳಲ್ಲ, ಬೆಹನ್. ರಕ್ತದ ಕೆಲವು ಕಾಯಿಲೆಗಳಿಗೆ ಅದೇ ಚಿಕಿತ್ಸೆ. ಆದರೆ ಈ ನರದ ಕಾಯಿಲೆಗೆ ಇನ್ನೂ ಪರೀಕ್ಷೆ ನಡೀತಿದೆ. ಸರಿಯಾದ ಪರೀಕ್ಷೆ ಮಾಡುವವರು ರೋಗಿಯನ್ನು ವರ್ಷಗಟ್ಟಲೆ ಬೆನ್ನು ಹತ್ತಿ ನೋಡ್ತಾರೆ. ಈ ಕ್ಲಿನಿಕ್ಕಿನವರು ಚುಚ್ಚಿ ಕಳಿಸಿದ ಮೇಲೆ ನೋಡುವವರು ಯಾರು?" ಎಂದರು.

"ಸೇಫ್ ಅಂತ ಹೇಳ್ತಾರೆ" ಎಂದೆ.

"ಚುಚ್ಚಿದ ವಾರ ಏನೂ ಆಗಲಿಲ್ಲ ಅಂದರೆ ಸೇಫ್ ಅಂತಲ್ಲ. ಬೆನ್ನಿನ ನೀರಿಗೆ ಸೋಂಕು ಹೋಗಬಹುದು. ಇಂಥ ಕಡೆ ಚುಚ್ಚಿಸಿಕೊಂಡ ಕೆಲವರಿಗೆ ಬೆನ್ನುಹುರಿಯಲ್ಲಿ ಗಡ್ಡೆ ಬೆಳೆದದ್ದೂ ವರದಿಯಾಗಿದೆ. ಮಾತ್ರೆಯಾದರೆ ಬೇಡವೆನಿಸಿದ ದಿನ ನಿಲ್ಲಿಸಬಹುದು. ಜೀವಕೋಶ ಒಳಗೆ ಬಿಟ್ಟ ಮೇಲೆ ಅದನ್ನು ಹೊರಗೆ ತೆಗೆಯಲಿಕ್ಕೆ ಬರುವುದಿಲ್ಲ."

"ಏನೂ ಮಾಡದೆ ಕೂತ್ಕೊಳ್ಳೋದು ಸೇಫಾ, ಡಾಕ್ಟರ್?" ಎಂದು ಕೇಳಿಯೇ ಬಿಟ್ಟೆ. ಅವರು ನನ್ನ ಕೈ ಹಿಡಿದುಕೊಂಡರು.

ಹೊರಗೆ ಬಂದ ಮೇಲೆ ಇವರು ಅಂದರು, "ಎಂಜಿನ್ ಮುಚ್ಚುವ ಮೊದಲು ನಾವು ಸ್ಪ್ಯಾನರ್, ನಟ್ಟು ಎಲ್ಲ ಲೆಕ್ಕ ಮಾಡ್ತೇವೆ, ಒಳಗೆ ಏನೂ ಉಳಿಯಬಾರದು ಅಂತ. ಆ ಕ್ಲಿನಿಕ್ಕಿನವರು ಉಳಿಸಲಿಕ್ಕೇ ಒಳಗೆ ಬಿಡುದಲ್ವಾ?"

ತಮಾಷೆ ಮಾಡುವ ಹೊತ್ತಾ ಇದು?

೨೯ ನವೆಂಬರ್

ಇವರ ಬಲಗೈಯ ಬೆರಳುಗಳು ಅಂಗಿಯ ಗುಂಡಿ ಹಾಕಲು ಕೇಳುತ್ತಿಲ್ಲ. ಸ್ಯಾವಿಯೋ ಜೊತೆ ದಿನಾ ಮಾತಾಡುತ್ತಿದ್ದೇನೆ. ಒಳ್ಳೆಯವನು. ಎಷ್ಟು ಸಲ ಕೇಳಿದರೂ ಬೇಸರ ಮಾಡದೆ ಹೇಳುತ್ತಾನೆ.

ಅಮೀನತ್ ಹತ್ತಿರ ರೆಕಾರ್ಡಿಂಗ್ ಶುರುವಾಯಿತು. ನೀರು ಬೇಕು, ಸೆಕೆ ಆಗುತ್ತದೆ, ಟಿವಿ ಹಾಕು, ಇಂಥವನ್ನು ಮೊದಲು ಹೇಳಿಸಿದಳು. ಆಮೇಲೆ ನಿಮಗೆ ಇಷ್ಟ ಇದ್ದದ್ದು ಹೇಳಿ ಅಣ್ಣ ಎಂದದ್ದಕ್ಕೆ ಇವರು ಗ್ಯಾರೇಜಿನ ಬೈಗುಳಗಳನ್ನೆಲ್ಲ ಸರದಿಯಲ್ಲಿ ಹೇಳತೊಡಗಿದರು. ಪಠಾಣರಿಗೆ ಒಂದು, ಮಲಯಾಳಿಗಳಿಗೆ ಒಂದು. ಹುಡುಗಿ ನಕ್ಕು ಸುಸ್ತಾದಳು. ಕೊನೆಗೆ ಒಂದೆರಡು ಮಾತಿಗೆ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಏನೆಂದು ಕೇಳಿದರೆ ಅಮೀನತ್ ಹೇಳಲಿಲ್ಲ.

ನನಗೂ ಒಂದು ಪಾಠ ಮಾಡಿದಳು. "ಅಕ್ಕ, ನೀವು ಅಣ್ಣನ ಮಾತನ್ನು ಬೇರೆಯವರಿಗೆ ಹೇಳುವಾಗ 'ಇವರು ಹೀಗಂತಾರೆ' ಅನ್ನಬೇಡಿ. 'ನಾನು' ಅಂತಲೇ ಹೇಳಿ. ಆಗ ಮಾತು ಅವರದ್ದಾಗಿಯೇ ಇರ್ತದೆ." ಹೂಂ ಎಂದೆ. ಇವಳು ನನಗಿಂತ ಚಿಕ್ಕವಳು, ಮದುವೆ ಕೂಡ ಆಗಿಲ್ಲ.

೧೪ ಡಿಸೆಂಬರ್

ಕ್ಲಿನಿಕ್ಕಿಗೆ ಹೋಗಿಬಂದವರ ಜೊತೆ ಮಾತಾಡಬೇಕು ಎಂದು ಹಟ ಹಿಡಿದದ್ದಕ್ಕೆ ಸ್ಯಾವಿಯೋ ಮೈಮುನಾ ಎಂಬವರ ನಂಬರು ಕೊಟ್ಟ. ಸಲಾಲಾದಲ್ಲಿದ್ದಾರೆ. ಗಂಡನಿಗೆ ಇದೇ ಕಾಯಿಲೆ. ಫೋನು ಮಾಡಿದೆ.

ಮೊದಲ ತಿಂಗಳು ಕೈ ಸ್ವಲ್ಪ ಮೇಲಕ್ಕೆ ಬಂತಂತೆ. ಅದರ ವಿಡಿಯೋ ತೆಗೆದು ಕ್ಲಿನಿಕ್ಕಿಗೆ ಕಳಿಸಿದರಂತೆ. ಆಮೇಲೆ ಜ್ವರ, ಕುತ್ತಿಗೆ ಬಿಗಿತ, ತಡೆಯಲಾಗದ ತಲೆನೋವು. ಬೆನ್ನಿನ ನೀರಿಗೆ ಸೋಂಕಾಗಿ ಆಸ್ಪತ್ರೆ ಸೇರಿದರಂತೆ. ಜೀವ ಉಳಿಯಿತು. ಮೇಲಕ್ಕೆ ಬಂದ ಕೈ ಮತ್ತೆ ಕೆಳಗೆ ಹೋಯಿತು. "ಕ್ಲಿನಿಕ್ಕಿನವರು ಆಮೇಲೆ ಒಮ್ಮೆಯೂ ಹೇಗಿದ್ದಾರೆ ಅಂತ ಕೇಳಲಿಲ್ಲ. ಎರಡನೇ ವಿಡಿಯೋ ಯಾವಾಗ ಕಳಿಸ್ತೀರಿ ಅಂತ ಕೇಳಿದ್ರು" ಅಂದರು.

ಎಲ್ಲರ ದೇಹವೂ ಒಂದೇ ಥರ ಇರುವುದಿಲ್ಲ. ಅವರು ಸರಿಯಾಗಿ ಪಥ್ಯ ಮಾಡಿರಲಿಕ್ಕಿಲ್ಲ. ಮೊದಲ ತಿಂಗಳು ಕೈ ಮೇಲೆ ಬಂದದ್ದಂತೂ ನಿಜವಲ್ಲವಾ?

ಯಾರು ಫೋನಿನಲ್ಲಿ ಎಂದು ಇವರು ಕೇಳಿದರು. ಅಂಗಡಿಯ ಗಿರಾಕಿ ಎಂದೆ.

೨೨ ಡಿಸೆಂಬರ್

ನಾವು ಹೋಗುವುದೆಂದು ನಿರ್ಧಾರ ಮಾಡಿದೆವು. ಫೆಬ್ರವರಿಯಲ್ಲಿ. ಅಲ್ಲಿ ಚಳಿ ಇರುತ್ತದಂತೆ, ಇವರಿಗೆ ಸ್ವೆಟರ್ ತರಬೇಕು. ತೃಷಾ ಆಫೀಸಿನಲ್ಲಿ ರಜೆ ಕೇಳುತ್ತಾಳೆ. ಇವರಿಗೆ ಸಂಜೆ ಹೇಳಿದರಾಯಿತು.

೫ ಜನವರಿ ೨೦೨೫

ಕ್ಲಿನಿಕ್ಕಿನ ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತಾಯಿತು. ಸ್ಯಾವಿಯೋ ಮನೆಗೇ ಬಂದಿದ್ದ. ತೃಷಾ ಲ್ಯಾಪ್‌ಟಾಪ್ ಹಿಡಿದಿದ್ದಳು. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸ್ಯಾವಿಯೋ ಹಿಂದಿಗೆ ತಿರುಗಿಸಿದ: ಅಪಾಯಗಳು ಗೊತ್ತಿದ್ದೂ ರೋಗಿ ತಾನಾಗಿ ಒಪ್ಪಿದ್ದಾರೆಂದು ಅವರ ಬಾಯಿಂದಲೇ ಕೇಳಬೇಕು.

ಇವರು ನನ್ನ ಕಡೆ ತಿರುಗಿ ಹೇಳಿದರು. ನಾನು ಹಿಂದಿಯಲ್ಲಿ, "ಒಪ್ಪಿದ್ದಾರೆ. ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ ಅಂತಿದ್ದಾರೆ" ಎಂದೆ.

ಆಯಿತು. ಖಲಾಸ್. ಇನ್ನು ಟಿಕೆಟ್ ಮಾಡಿಸುವುದೊಂದೇ.

೬ ಜನವರಿ

ತೃಷಾ ನಿನ್ನೆಯಿಂದ ಮಾತಾಡಿರಲಿಲ್ಲ. ಇವತ್ತು ಅಡುಗೆಮನೆಗೆ ಬಂದು ಬಾಗಿಲಲ್ಲೇ ನಿಂತು, "ಅಮ್ಮಾ, ದಟ್ಸ್ ನಾಟ್ ವಾಟ್ ಪಪ್ಪಾ ಸೆಡ್" ಅಂದಳು.

"ನಿನಗೆ ಏನು ಗೊತ್ತು? ಪಪ್ಪನ ಮಾತು ಯಾವಾಗ ಅರ್ಥ ಆಗಿದೆ ನಿನಗೆ?" ಎಂದೆ.

ಆಗ ಅವಳು ಅದನ್ನು ಹೇಳಿದಳು. ತುಳುವಿನಲ್ಲಿ. "ಎಂಕ್ ಬೊಡ್ಚಿ." ನನಗೆ ಬೇಡ ಎಂದು. ಮಾತು ಇರುವಷ್ಟು ದಿನ ಮನೆಯಲ್ಲೇ ಆಡಿಕೊಂಡು ಇರುತ್ತೇನೆ ಎಂದು. ಇವರು ಹೇಳಿದ್ದು ಅಕ್ಷರ ಅಕ್ಷರ ಅದೇ. ಮಾತು ಬಂದಾಗಿನಿಂದ ನಾವು ತುಳುವಿನಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ ಹುಡುಗಿ ಇದು. ಅವಳಿಗೆ ತುಳು ಅಷ್ಟಕ್ಕಷ್ಟೆ ಎಂದೇ ನಾನು ತಿಳಿದಿದ್ದೆ.

"ಹಾಗಾದ್ರೆ ಪಪ್ಪನನ್ನು ಸಾಯಲಿಕ್ಕೆ ಬಿಡುವಾ?" ಎಂದು ಕಿರುಚಿದೆ. ಪಕ್ಕದ ಫ್ಲ್ಯಾಟಿಗೂ ಕೇಳಿರಬೇಕು.

"ನಾನು ಹಾಗೆ ಹೇಳ್ಲಿಲ್ಲ. ಪಪ್ಪ ಏನು ಹೇಳಿದ್ರು ಅಂತ ಮಾತ್ರ ಹೇಳಿದೆ" ಎಂದು ಅವಳೂ ಅತ್ತಳು.

ಇವರು ಬೇಡ ಅಂದದ್ದು ಹೆದರಿಕೆಯಿಂದ. ಹೆದರಿಕೆ ಇರುವವರು ಬೇಡ ಅನ್ನುವುದೇ. ಅವರ ಬಾಯಿಗೆ ಬಂದದ್ದನ್ನಲ್ಲ, ಮನಸ್ಸಿನಲ್ಲಿದ್ದದ್ದನ್ನು ನಾನು ಹೇಳಿದೆ. ಇಷ್ಟು ವರ್ಷ ಜೊತೆಗಿದ್ದವಳಿಗೆ ಅಷ್ಟು ಗೊತ್ತಿಲ್ಲವಾ? ನಾನು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ.

೭ ಜನವರಿ

ತಪ್ಪೇನೂ ಇಲ್ಲ.

೧೦ ಜನವರಿ, ಶುಕ್ರವಾರ

ರಜೆ. ತೃಷಾ ಹೊರಗೆ ಹೋಗಿದ್ದಳು. ಬೆಳಗ್ಗಿನ ಗಂಜಿ ತಿನ್ನಿಸಿ ಬಾಯಿ ಒರೆಸುತ್ತಿದ್ದೆ. ಇವರು ನನ್ನ ಕೈ ತಡೆದು ಹಿಡಿದರು. ಆ ಕೈಯಲ್ಲಿ ಈಗ ಹಿಡಿತವೇ ಇಲ್ಲ, ಸುಮ್ಮನೆ ಮೇಲೆ ಇಟ್ಟ ಹಾಗೆ.

"ನನಗೆ ಹಿಂದಿ ಬರುದಿಲ್ಲ ಅಂತ ಗ್ರಹಿಸಿದಿಯಾ?" ಅಂದರು.

ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒರೆಸುವ ಬಟ್ಟೆ ಕೆಳಗಿಟ್ಟೆ. ಪಠಾಣರು, ಬಂಗಾಳಿಗಳ ಮಧ್ಯೆ ಜೀವಮಾನವಿಡೀ ಹಿಂದಿಯಲ್ಲೇ ಗ್ಯಾರೇಜು ನಡೆಸಿದ ಮನುಷ್ಯ. ನನಗೆ ಹಿಂದಿ ಕಲಿಸಿದವರೇ ಇವರು. ನಾನು ಸ್ಯಾವಿಯೋಗೆ ಹೇಳಿದ ಒಂದೊಂದು ಮಾತೂ ಇವರಿಗೆ ಕೇಳಿಸಿದೆ, ತಿಳಿದಿದೆ. ನಿಜ ಹೇಳಬೇಕೆಂದರೆ ಆ ಹೊತ್ತು ನನಗೆ ಅದರ ನೆನಪೇ ಇರಲಿಲ್ಲ. ಇವರ ನಾಲಿಗೆಯ ಜೊತೆಗೆ ಕಿವಿಯೂ ಹೋಗಿದೆ ಎಂಬ ಹಾಗೆ ನಡೆದುಕೊಂಡಿದ್ದೆ. ನಾಚಿಕೆಯಾಯಿತು. ಇವರ ಮುಂದೆ ಈ ಜನ್ಮದಲ್ಲಿ ನನಗೆ ಹೀಗೆ ನಾಚಿಕೆಯಾದದ್ದಿಲ್ಲ.

"ಮತ್ತೆ ನೀವು ಯಾಕೆ ತಲೆ ಅಲ್ಲಾಡಿಸ್ಲಿಲ್ಲ? ಇಲ್ಲ ಅಂತ ಕೈ ಮಾಡ್ಬಹುದಿತ್ತಲ್ಲ?" ಎಂದು ಕೇಳಿದೆ. ತಪ್ಪು ಮಾಡಿದವಳು ನಾನು, ಜೋರು ಮಾಡಿದವಳೂ ನಾನೇ.

ಇದಕ್ಕೆ ಇವರು ಕೊಟ್ಟ ಉತ್ತರ ಚಿಕ್ಕದು. ಹೇಳಿ ಮುಗಿಸುವಾಗ ಗಂಜಿಯ ಬಟ್ಟಲು ಒಣಗಿ ಹೋಗಿತ್ತು. ನಡುವೆ ಬಾಯಿ ಹಾಕದೆ ಕೇಳಿಸಿಕೊಂಡೆ. "ನಾನು ಹೋದ ಮೇಲೆ ನೀನು ಇರಬೇಕಲ್ಲ. ಅಲ್ಲಿಗೆ ಕರ್ಕೊಂಡು ಹೋಗಿದ್ರೆ ಉಳೀತಿದ್ರೋ ಏನೋ ಅಂತ ದಿನಾ ಕೂಗ್ತಾ ಕೂತ್ಕೊಳ್ತಿ. ನಿನ್ನ ಗುಣ ನನಗೆ ಗೊತ್ತಿಲ್ವಾ? ಹೋಗ್ಲಿ, ಇವಳಿಗೋಸ್ಕರ ಒಂದು ಚುಚ್ಚಿಸ್ಕೊಳ್ಳುವ ಅಂತ ಸುಮ್ಮನಾದೆ."

ಮುಂದೆ ನಾನು ಕಣ್ಣೀರು ಹಾಕುತ್ತಾ ಕೂರದಿರಲಿ ಎಂದು ಬೆನ್ನಿಗೆ ಸೂಜಿ ಹಾಕಿಸಿಕೊಳ್ಳಲು ಹೊರಟಿದ್ದ ಮನುಷ್ಯನಿಂದ ನಾನು ಮೈಮುನಾ ವಿಷಯ ಮುಚ್ಚಿಟ್ಟಿದ್ದೆ. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಜ್ವರ, ಸೋಂಕು, ಮೇಲೆ ಬಂದು ಕೆಳಗೆ ಹೋದ ಕೈ.

"ಇದನ್ನು ಅವತ್ತೇ ಯಾಕೆ ಹೇಳ್ಲಿಲ್ಲ?"

"ಕೇಳಿದ್ರೆ ನೀವು ಬೇಡ ಅಂತೀರಿ ಅಂತ."

"ಕೇಳದೆಯೂ ಬೇಡ ಅಂದೆನಲ್ಲ, ಮಾರಾಯ್ತಿ" ಎಂದು ನಗಲು ಹೋಗಿ ಕೆಮ್ಮಿದರು. ಬೆನ್ನು ತಟ್ಟುತ್ತಾ ಕೂತೆ.

೧೨ ಜನವರಿ

ಸ್ಯಾವಿಯೋನನ್ನು ಮನೆಗೆ ಕರೆಸಿದೆ. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು, ಆದರೆ ಇವರು ಎದುರಿಗೆ ಇರಬೇಕಿತ್ತು. "ಅವತ್ತು ನಾನು ಹೇಳಿದ್ದು ನನ್ನ ಮಾತು. ಇವತ್ತು ಇವರ ಮಾತು ಕೇಳಿ" ಎಂದೆ. ಇವರು ಹೇಳಿದರು. ಅಮೀನತ್ ಕಲಿಸಿದ ಹಾಗೆ ನಾನು ಹಿಂದಿಯಲ್ಲಿ ಹೇಳಿದೆ: "ನನಗೆ ಇದು ಬೇಡ. ಒಳಗೆ ಬಿಟ್ಟದ್ದನ್ನು ಹೊರಗೆ ತೆಗೆಯಲು ನಿಮಗೆ ಬರುವುದಿಲ್ಲ. ಆಮೇಲೆ ಬಂದು ನೋಡುವವರೂ ಇಲ್ಲ. ನಾನು ಮನೆಯಲ್ಲೇ ಇರ್ತೇನೆ." ಒಂದು ಮಾತೂ ಬಿಡಲಿಲ್ಲ.

ಸ್ಯಾವಿಯೋ ಜಗಳ ಮಾಡಲಿಲ್ಲ. "ಯೋಚನೆ ಮಾಡಿ ಭಾಭೀಜಿ. ನನ್ನ ಅಮ್ಮನಿಗೂ ನಾನೇ ಕೊಡಿಸಿದ್ದು" ಅಂದ.

"ಈಗ ಹೇಗಿದ್ದಾರೆ?"

ಅವನು ಚಹಾದ ಲೋಟ ಕೆಳಗಿಟ್ಟ. "ಹೋದ ವರ್ಷ ತೀರಿಕೊಂಡ್ರು. ಆದರೆ ಚಿಕಿತ್ಸೆ ಸೇಫ್ ಆಗಿತ್ತು. ಅದರಿಂದ ಏನೂ ತೊಂದರೆ ಆಗ್ಲಿಲ್ಲ. ನಾನು ಮಾಡಬೇಕಾದ್ದು ಮಾಡಿದೆ."

ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಇನ್ನೊಂದು ಚಹಾ ಕೊಟ್ಟು ಕಳಿಸಿದೆ. ಆಗ ಗ್ರಹಿಸಲಿಲ್ಲ, ಈಗ ಬರೆಯುವಾಗ ಅನಿಸುತ್ತಿದೆ: ಅಲ್ಲಿಗೆ ಹೋಗಿದ್ದರೆ ಮುಂದಿನ ವರ್ಷ ಯಾರದೋ ಮನೆಯಲ್ಲಿ ಕೂತು ನಾನೂ ಇದನ್ನೇ ಹೇಳುತ್ತಿದ್ದೆ.

೧೬ ಫೆಬ್ರವರಿ

ಇವತ್ತು ವಿಮಾನ ಹತ್ತಬೇಕಿತ್ತು. ಇವರು ಕುರ್ಚಿಯಿಂದ ಏಳಲು ಹೋಗಿ ಬಿದ್ದರು. ಹಣೆ ತರಚಿತು. ನಾವು ಮಾಡಿದ್ದು ಸರಿಯಾ? ಹೋಗಿದ್ದರೆ? ನನ್ನ ಗುಣ ಇವರಿಗೆ ಸರಿಯಾಗಿಯೇ ಗೊತ್ತಿದೆ. ಅಳು ಬಂತು, ಅತ್ತೆ, ಎದ್ದು ಸಾರಿಗೆ ಒಗ್ಗರಣೆ ಹಾಕಿದೆ.

೨೧ ಮಾರ್ಚ್

ರಂಜಾನ್. ಅಮೀನತ್ ಉಪವಾಸದಲ್ಲಿದ್ದರೂ ಬಂದು ಮೊಬೈಲಿನ ಗುಂಡಿಗಳನ್ನೆಲ್ಲ ಸರಿ ಮಾಡಿಕೊಟ್ಟಳು. ಕನ್ನಡದಲ್ಲಿ ಟೈಪು ಮಾಡುವುದನ್ನೂ ಇವರಿಗೆ ಕಲಿಸಿದಳು. ಎಡಗೈಯ ಒಂದು ಬೆರಳಿಗೆ ಇನ್ನೂ ಕಸುವು ಉಂಟು.

ಗ್ಯಾರೇಜಿಗೆ ಇನ್ನೂ ಬೀಗ ಬಿದ್ದಿಲ್ಲವಂತೆ. ಇವರಿಗೆ ಸ್ವಲ್ಪ ಬೇಸರವಾಯಿತು.

೩೦ ಏಪ್ರಿಲ್

ಇವತ್ತು ಇವರ ಒಂದು ಮಾತೂ ನನಗೆ ಅರ್ಥವಾಗಲಿಲ್ಲ. ನಾನೇ ಏನೋ ಇರಬೇಕೆಂದು ಊಹಿಸಿ ಹೂಂ ಅನ್ನಲಿಲ್ಲ. ಮತ್ತೆ ಕೇಳಿದೆ, ಮತ್ತೆ ಕೇಳಿದೆ. ಕೊನೆಗೆ ಬೆರಳಿನಿಂದ ಒತ್ತಿ ತೋರಿಸಿದರು: ಫ್ಯಾನು.

೨೫ ಜುಲೈ, ಸಲಾಲಾ

ಮಸ್ಕತ್ತಿನ ಬೆಂಕಿಯಿಂದ ಇಲ್ಲಿಗೆ ಬಂದು ಮೂಗು ತಂಪಾಯಿತು. ಜಿನುಗು ಮಳೆ, ಹಸಿರು ಗುಡ್ಡ, ರಸ್ತೆಯ ಬದಿಯಲ್ಲಿ ತೆಂಗಿನ ತೋಟ. ಎಷ್ಟು ವರ್ಷದಿಂದ ಮುಂದಿನ ಸಲ ಮುಂದಿನ ಸಲ ಎನ್ನುತ್ತಿದ್ದೆವು. ತೃಷಾ ಅಪ್ಪನ ಗಾಲಿಕುರ್ಚಿಯನ್ನು ಮಳೆಗೇ ತಂದು ನಿಲ್ಲಿಸಿದಳು. ಶೀತವಾಗುತ್ತದೆ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ. ಇವರು ಮುಖ ಮೇಲೆ ಮಾಡಿ ಕಣ್ಣು ಮುಚ್ಚಿ ನೆನೆದರು.

ಸಂಜೆ ಮೈಮುನಾ ಮನೆಗೆ ಹೋದೆವು. ಗಂಡಂದಿರು ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಕೂತರು. ಮಾತಿಲ್ಲ, ಕತೆಯಿಲ್ಲ. ಅವರಿಬ್ಬರಿಗೂ ಅದು ಸಾಕಾಗಿತ್ತು ಅನಿಸುತ್ತದೆ. ನಾವಿಬ್ಬರು ಒಳಗೆ ಹೋಗಿ ಮಾತಾಡಿದೆವು.

ವಾಪಸ್ ಬರುವಾಗ ಎಳನೀರು ಕುಡಿಸಲು ಹೋಗಿ ಇವರಿಗೆ ಉಸಿರು ಸಿಕ್ಕಿಕೊಂಡಿತು. ಮುಖ ನೀಲಿಯಾಯಿತು. ತೃಷಾ ಬೆನ್ನಿಗೆ ಹೊಡೆದು ಹೊಡೆದು ಉಸಿರು ತರಿಸಿದಳು.

೧೯ ಆಗಸ್ಟ್

ಡಾ. ಹಸೀಬಾ ಹತ್ತಿರ ಹೋಗಿದ್ದೆವು. ಸಲಾಲಾದ್ದನ್ನು ಹೇಳಿದೆ. ಅವರು ಇವರ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು ಹಿಂದಿಯಲ್ಲಿ ಹೇಳಿದರು: ಇನ್ನು ಬಾಯಿಯಿಂದ ಊಟ ಮಾಡಿದರೆ ಶ್ವಾಸಕೋಶಕ್ಕೆ ಹೋಗುವ ಭಯ ಇದೆ. ಹೊಟ್ಟೆಗೆ ಒಂದು ನಳಿಕೆ ಹಾಕಬಹುದು, ಅದರಲ್ಲಿ ನೀರಾಗಿಸಿದ ಊಟ ಕೊಡಬಹುದು. ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ಹಾಕುವಾಗ ಇಂಥಿಂಥ ತೊಂದರೆ ಆಗಬಹುದು. ಬೇಡವೆಂದು ಕಂಡರೆ ಆಮೇಲೆ ತೆಗೆಯಬಹುದು. "ನಿಮಗೆ ಬೇಕಾ?"

ಹಾಕಿ ಎಂದು ನನ್ನ ಬಾಯಿಗೆ ಬಂದೇ ಬಿಟ್ಟಿತ್ತು. ಅರ್ಧ ಹೊರಗೂ ಬಂದಿರಬೇಕು. ಅಷ್ಟರಲ್ಲಿ ಇವರ ತೊಡೆಯ ಮೇಲಿದ್ದ ಮೊಬೈಲಿನಿಂದ ದನಿ ಬಂತು.

"ಉಂತು ಮಾರಾಯ್ತಿ, ಯಾನ್ ಪಣ್ಪೆ."

ಇವರದೇ ದನಿ. ಸ್ವಲ್ಪ ತೊದಲು, ಸ್ವಲ್ಪ ನಗು. ತಿಂಗಳುಗಟ್ಟಲೆ ಕೇಳದ ದನಿ. ಬಾಗಿಲು ಹಾಕಿಸಿ ಅಮೀನತ್ ಹತ್ತಿರ ರೆಕಾರ್ಡ್ ಮಾಡಿಸಿದ್ದು ಇದನ್ನು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತೆ.

ಇವರು ಒಂದು ಬೆರಳಿನಿಂದ ಟೈಪು ಮಾಡತೊಡಗಿದರು. ಒಂದು ಅಕ್ಷರ, ತಪ್ಪಿದರೆ ಅಳಿಸಿ ಮತ್ತೊಂದು. ಹೊರಗೆ ಬೇರೆ ರೋಗಿಗಳು ಕಾಯುತ್ತಿದ್ದರು, ನರ್ಸು ಒಮ್ಮೆ ಇಣುಕಿ ಹೋದಳು. ಡಾಕ್ಟರಮ್ಮ ಕೈಕಟ್ಟಿ ಕೂತೇ ಇದ್ದರು. ನಾನು ಬಗ್ಗಿ ನೋಡಲಿಲ್ಲ.

ಕೊನೆಗೆ ಮೊಬೈಲನ್ನು ನನ್ನ ಕಡೆ ದೂಡಿದರು. ಕನ್ನಡದಲ್ಲಿ ಇತ್ತು: "ಹಾಕಿ. ಬಂಗುಡೆ ಸಾರು ಅದರಲ್ಲಿ ಹೋಗ್ತದಾ ಕೇಳು. ಹೋಗದಿದ್ರೆ ಇನ್ನೊಮ್ಮೆ ಯೋಚನೆ ಮಾಡ್ತೇನೆ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಕಣ್ಣು ಒರೆಸಿಕೊಂಡು, ಬಂಗುಡೆ ಸಾರಿನ ಸಮೇತ, ಇದ್ದದ್ದನ್ನು ಇದ್ದ ಹಾಗೆ ಹಿಂದಿಯಲ್ಲಿ ಹೇಳಿದೆ.